ಹುಸೇನ್ ಸಾಬರು ಮುಗಿಸಿದ ಹಾಡು

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ಎದ್ದು ಹೋಗುವವನು ನಾನು. ಮಧುಗಿರಿಯ ಮುನ್ಸೀಫ್ ಕೋರ್ಟಿನಲ್ಲಿ ವಕೀಲಿ ಮಾಡಿ ತಲೆ ನರೆಸಿಕೊಂಡವನು. "ನೀನು ಕಣ್ಣಾರೆ ಕಂಡೆಯಾ, ಇಲ್ಲ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದೆಯಾ?" ಎಂದು ಸಾಕ್ಷಿಗಳನ್ನು ಗದರಿಸುವುದೇ ನನ್ನ ಕಸುಬು. ಕಟಕಟೆ ಹತ್ತಿದವನು ಉತ್ತರ ಕೊಡದೆ ನೆಲ ನೋಡಿದನೆಂದರೆ ಅವನು ಸುಳ್ಳುಗಾರನೆಂದೇ ನನ್ನ ತೀರ್ಮಾನ. ಇಂಥ ನಾನು ಬರೆಯಲು ಹೊರಟಿರುವುದನ್ನು ಓದಿ ನಿಮಗೆ ನಗು ಬಂದರೆ ನಕ್ಕುಬಿಡಿ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆಗಳಿಗೆ ಅಮಾವಾಸ್ಯೆ ಬೇಕು, ನಡುರಾತ್ರಿ ಬೇಕು, ದೂರದಲ್ಲಿ ಒಂದು ನಾಯಿಯಾದರೂ ಊಳಿಡಬೇಕು. ನನ್ನ ಹತ್ತಿರ ಅದ್ಯಾವುದೂ ಇಲ್ಲ. ನಡೆದದ್ದು ಸಂಜೆಯ ಬೆಳಕಿನಲ್ಲಿ, ಊರಿನ ದೊಡ್ಡಮನುಷ್ಯರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದಾಗ.

ಆಗ ಎರಡನೆಯ ಮಹಾಯುದ್ಧದ ಕಾಲ. ನಮ್ಮ ಊರಿನ ಕ್ಲಬ್ಬು ಎಂದರೆ ಬೆಟ್ಟದ ಬುಡದಲ್ಲಿ ಒಂದು ಹೆಂಚಿನ ಕಟ್ಟಡ. ಮುಂದೆ ಟೆನಿಸ್ ಆಡಲು ಸಗಣಿ ಸಾರಿಸಿದ ಅಂಗಳ, ಒಳಗೆ ಇಸ್ಪೀಟಿನ ಮೇಜು, ಹಳೆಯ ಪತ್ರಿಕೆಗಳು, ಒಂದು ಕೊನೆಯಲ್ಲಿ ನಾವೇ ವರ್ಷಕ್ಕೊಮ್ಮೆ ನಾಟಕ ಆಡಲು ಹಾಕಿಸಿದ ಹಲಗೆಯ ವೇದಿಕೆ. ಅಮಲ್ದಾರರಿಂದ ಹಿಡಿದು ಬಟ್ಟೆ ಅಂಗಡಿಯ ಸಾಹುಕಾರರವರೆಗೆ ಎಲ್ಲರೂ ಮೆಂಬರುಗಳು. ನಾನು ಕಾರ್ಯದರ್ಶಿ, ಅಂದರೆ ಎಲ್ಲರಿಂದ ಬೈಸಿಕೊಳ್ಳಲು ಗೊತ್ತುಮಾಡಿದ ಮನುಷ್ಯ.

ಸಿರಾದ ಹುಸೇನ್ ಸಾಬರನ್ನು ಕರೆಸೋಣವೆಂದವನು ನಾನೇ. ನಾಟಕ ಕಂಪನಿಗಳಲ್ಲಿ, ಕಾಲಿನಿಂದ ತಿದಿ ಒತ್ತುವ ದೊಡ್ಡ ಹಾರ್ಮೋನಿಯಂ ನುಡಿಸುತ್ತಾ ಮುದುಕರಾದವರು ಅವರು. ಪಾಠ ಮಾಡಿದ್ದನ್ನು ಒಪ್ಪಿಸುವ ವಿದ್ವಾಂಸರಲ್ಲ. ಕೂತ ಮೇಲೆ ಏನು ತೋಚುತ್ತದೋ ಅದು. ನಿನ್ನೆ ನುಡಿಸಿದ್ದು ಇವತ್ತು ಬರುತ್ತಿರಲಿಲ್ಲ. ಕೆಲವೇ ದಿನಕ್ಕೆಂದು ಬಂದವರನ್ನು ನಾವು ಬಿಡಲಿಲ್ಲ, ಕ್ಲಬ್ಬಿನ ಹಿಂದಿನ ಕೋಣೆಯಲ್ಲೇ ಇಳಿಸಿಕೊಂಡೆವು. ಸೀಮೆಎಣ್ಣೆಗೆ ತತ್ವಾರವಾಗಿದ್ದರಿಂದ ಕೋರ್ಟು ಮುಗಿದ ಮೇಲೆ ಶುರುಮಾಡಿ, ಕತ್ತಲಾಗುವುದರೊಳಗೆ ಎದ್ದುಬಿಡುವುದೆಂದು ಏರ್ಪಾಡಾಯಿತು.

ಒಂದು ಸಂಜೆ ದಾಳಿಂಬೆ ಮಾರುವ ಹೆಂಗಸು ಬೀದಿಯಲ್ಲಿ ಕೂಗಿಕೊಂಡು ಹೋದಳು. ಸಾಬರು ಆ ಕೂಗಿನ ಎಳೆತವನ್ನೇ ಹಿಡಿದುಕೊಂಡು ಭೀಮ್‌ಪಲಾಸಿ ರಾಗಕ್ಕೆ ಹೋದರು, ಅಲ್ಲಿ ಸುತ್ತಾಡಿದರು, ಮತ್ತೆ ಅವಳ ಕೂಗಿಗೇ ಬಂದು ಇಳಿದರು. ಆ ಹೆಂಗಸು ಬುಟ್ಟಿ ಇಳಿಸಿ ಕಿಟಕಿಯಲ್ಲಿ ಇಣುಕಿ, "ಅಯ್ಯೋ, ಇದು ನಾನ್ ಕೂಗಿದ್ದೇ ಅಲ್ವಾ?" ಎಂದಳು.

ಆದರೆ ಮೆಂಬರುಗಳಿಗೆ ಎರಡು ತಕರಾರು. ಒಂದು, ಸಾಬರು ಹಾರ್ಮೋನಿಯಂ ಅನ್ನು ವೇದಿಕೆಯ ಕೆಳಗೆ, ಖಾಲಿ ವೇದಿಕೆಗೆ ಎದುರಾಗಿ ಇಟ್ಟುಕೊಂಡು ನಮಗೆಲ್ಲ ಬೆನ್ನು ತೋರಿಸಿ ಕೂರುತ್ತಿದ್ದರು. ಇನ್ನೊಂದು, ಯಾವುದನ್ನೂ ಮುಗಿಸುತ್ತಿರಲಿಲ್ಲ. ಇನ್ನೇನು ದಡ ಸೇರಿತು ಅನ್ನುವಾಗ ಬಲಗೈ ಎತ್ತಿ ಹಿಡಿದು, ಎಡಗೈಯಲ್ಲಿ ಬರೀ ಷಡ್ಜವನ್ನು, ಆಧಾರದ ಸಾ ಸ್ವರವನ್ನು, ಮೊಳಗಿಸುತ್ತಾ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ತಿದಿ ನಿಲ್ಲಿಸಿ ಎದ್ದುಬಿಡುತ್ತಿದ್ದರು. ಪಿಂಚಣಿ ಪಡೆದ ಶಿರಸ್ತೇದಾರರೊಬ್ಬರು ನನ್ನನ್ನು ಹಿಡಿದುಕೊಂಡು, "ಏನ್ರೀ ಇದು, ಹಬ್ಬದೂಟಕ್ಕೆ ಕರೆದು ಮಜ್ಜಿಗೆ ಅನ್ನ ಬಡಿಸದೆ ಎಬ್ಬಿಸಿದ ಹಾಗೆ!" ಎಂದು ಸಿಡುಕಿದರು.

ಒಂದು ಭಾನುವಾರ ನಾನು ಸಾಬರನ್ನು ಕೇಳಿಯೇಬಿಟ್ಟೆ. ಅವರು ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು ಕೂತಿದ್ದರು. ಬಲಗೈಯ ಎರಡು ಬೆರಳು ಆಗಲೇ ಮರಗಟ್ಟುತ್ತಿದ್ದವು.

"ನಾಟ್ಕದಲ್ಲಿ ಹಾಡು ಮುಗ್ಸೋ ಹಕ್ಕು ಮೇಲೆ ನಿಂತು ಹಾಡೋನ್ದು ಸ್ವಾಮಿ, ಹಾರ್ಮೋನಿಯೋನ್ದಲ್ಲ," ಎಂದರು. "ಜನ ವನ್ಸ್ ಮೋರ್ ಅಂತಾರೆ, ಅವ್ನಿಗೆ ಹುಮ್ಮಸ್ಸು ಬತ್ತದೆ, ಇನ್ನೊಂದ್ ಸುತ್ತು ಹೊಡೀತಾನೆ. ನಾವು ಮೊದ್ಲೇ ಮುಗ್ಸಿಬುಟ್ರೆ ಅವ್ನ ಗತಿ ಏನು? ಅದ್ಕೇ ಅವ್ನ ಮುಖಾನೇ ನೋಡ್ಕೊಂಡು ನುಡಿಸ್ಬೇಕು. ಜನಕ್ಕೆ ಬೆನ್ನು ಬಿದ್ರೆ ಬೀಳ್ಲಿ."

ಅವರು ನೋಡುತ್ತಿದ್ದ ಮುಖ ಪಾವಗಡದ ಕಡೆಯ ರುದ್ರಪ್ಪನೆಂಬ ನಟನದು. ಹೆಣ್ಣುಪಾತ್ರ ಕಟ್ಟುತ್ತಿದ್ದವನು. ಯೌವನದಿಂದ ಮುಪ್ಪಿನವರೆಗೆ ಇಬ್ಬರೂ ಒಂದೇ ಕಂಪನಿಯಲ್ಲಿ, ಒಬ್ಬ ಮೇಲೆ, ಒಬ್ಬ ಕೆಳಗೆ. ಹಾಡು ಮುಗಿಸುವ ಹೊತ್ತಿಗೆ ರುದ್ರಪ್ಪ ಸಾಬರಿಗೆ ಮಾತ್ರ ತಿಳಿಯುವಂತೆ ಒಂದು ಸನ್ನೆ ಮಾಡುತ್ತಿದ್ದನಂತೆ.

"ಏನು ಸನ್ನೆ? ಕಣ್ಣಲ್ಲೋ, ಕೈಯಲ್ಲೋ?" ಎಂದೆ.

"ಅದು ಹೇಳಂಗಿಲ್ಲ. ಅವ್ನಿಗೆ ಮಾತು ಕೊಟ್ಟಿದೀನಿ. ಬೇರೆ ಪಾರ್ಟಿನೋರು ಕಲ್ತ್ಕೊಂಡ್ರೆ ನಾನು ಅವ್ರಿಗೂ ಅಂಗೇ ಮುಗ್ಸಿಕೊಟ್ಬುಡ್ತೀನಿ ಅಂತ ಅವ್ನಿಗೆ ಹೊಟ್ಟೆಕಿಚ್ಚು ಕಣಪ್ಪ," ಎಂದು ಸಾಬರು ನಕ್ಕರು. ನಗು ಬೇಗ ಆರಿತು.

ಕೊರಟಗೆರೆ ಕ್ಯಾಂಪಿನಲ್ಲಿ ರುದ್ರಪ್ಪ ಜ್ವರ ಹೊತ್ತುಕೊಂಡೇ ರಂಗಕ್ಕೆ ಬಂದಿದ್ದ. ಹಾಡಿನ ನಡುವೆ ತೂರಾಡುತ್ತಾ ಪಕ್ಕದ ಪರದೆಯೊಳಗೆ ಹೋದ. ಸಾಬರು ಅವನು ಬರುತ್ತಾನೆಂದು ಷಡ್ಜ ಹಿಡಿದುಕೊಂಡು ಕಾದರು. ಅವನು ಬರಲಿಲ್ಲ, ಮರುದಿನ ತೀರಿಕೊಂಡ. ಅಂದಿನಿಂದ ಸಾಬರ ಕೈಯಲ್ಲಿ ಯಾವ ಹಾಡೂ ಮುಗಿದಿಲ್ಲ.

"ನಾನಾಗೇ ಮುಗ್ಸಾಕೆ ಹೋದ್ರೆ ಬೆರಳು ಓಡಲ್ಲ. ಆ ಹಾಡು ನಂಗೆ ಇನ್ನೂ ನಡೀತಾನೇ ಐತೆ ಸ್ವಾಮಿ. ಈ ಬೆರಳು ಪೂರ್ತಿ ನಿಲ್ಲೋದ್ರೊಳಗೆ ಒಂದ್ಸಲ ಮುಗ್ಸಿ ಕೈ ಎತ್ತಿದ್ರೆ ಸಾಕು. ಇಲ್ಲಾಂದ್ರೆ ನಾನೂ ಅರ್ಧಕ್ಕೇ ಹೋಗ್ಬೇಕಾಯ್ತದೆ."

ಆ ಮುದುಕರ ಮೇಲೆ ನನಗೆ ಬಹಳ ಮರುಕವಾಯಿತು. ಆದರೆ ಒಳಗೊಳಗೇ, ಇದೆಲ್ಲ ಮನಸ್ಸಿನ ರೋಗ, ಮೈಸೂರಿನ ಡಾಕ್ಟರರಿಗೆ ತೋರಿಸಬೇಕು ಎಂದುಕೊಂಡೆ.

ಕೊನೆಯ ಸಂಜೆ ಬಂತು. ಹಾಲ್ ತುಂಬಿ ಕುರ್ಚಿ ಸಾಲಲಿಲ್ಲ. ಕಾರ್ಯದರ್ಶಿಗೆ ಕುರ್ಚಿ ಎಲ್ಲಿಂದ ಬರಬೇಕು? ನಾನು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಒಂದು ಅಂಗೈಯನ್ನು ಹಲಗೆಗೆ ಊರಿಕೊಂಡು ಕೂತೆ. ಅಷ್ಟು ದಿನದಲ್ಲಿ ಸಾಬರ ಮುಖ ಕಾಣುವ ಜಾಗ ಸಿಕ್ಕಿದ್ದು ಅವತ್ತೇ. ಕೂರುವ ಮೊದಲು ಅವರು ನನ್ನ ಹತ್ತಿರ ಬಗ್ಗಿ, "ಇವತ್ತು ಅದೇ ಹಾಡು, ಕೊರಟಗೆರೇದು," ಎಂದರು.

ಅವರು ಹೇಗೆ ನುಡಿಸಿದರೆಂದು ವರ್ಣಿಸಲು ನನಗೆ ಬರುವುದಿಲ್ಲ. ಮರಗಟ್ಟಿದ ಬೆರಳುಗಳನ್ನು ಬಿಟ್ಟು ಉಳಿದವುಗಳಲ್ಲೇ ದಾರಿ ಹುಡುಕುತ್ತಿದ್ದರು, ಹಾಗಾಗಿ ಹಾಡು ಯಾರೂ ನಿರೀಕ್ಷಿಸದ ಕಡೆಗೆಲ್ಲ ತಿರುಗುತ್ತಿತ್ತು. ಕಿಟಕಿಯಿಂದ ಬಿಸಿಲು ವೇದಿಕೆಯ ಮೇಲೆ ಅಡ್ಡಲಾಗಿ ಬಿದ್ದಿತ್ತು. ಕೊನೆಗೆ ಎಂದಿನಂತೆ ಬಲಗೈ ಮೇಲೆದ್ದಿತು. ಷಡ್ಜ ಮೊಳಗುತ್ತಿತ್ತು. ಸಾಬರು ಖಾಲಿ ವೇದಿಕೆಯನ್ನು ನೋಡುತ್ತಿದ್ದರು. ನೋಡಲಾಗದೆ ನಾನು ಮುಖ ತಿರುಗಿಸಿದೆ.

ಆಗ ನನ್ನ ಅಂಗೈಯ ಕೆಳಗೆ ಹಲಗೆ ತಗ್ಗಿತು. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಹಲಗೆ ಸ್ವಲ್ಪ ಬಾಗುತ್ತದಲ್ಲ, ಹಾಗೆ. ಕ್ಲಬ್ಬಿನ ಜವಾನ ನರಸಪ್ಪ ಬಂದನೆಂದುಕೊಂಡು ತಿರುಗಿದೆ. ಯಾರೂ ಇರಲಿಲ್ಲ. ಬಿಸಿಲು ಬಿದ್ದ ಹಲಗೆಗಳು ಮಾತ್ರ. ನಾನು ನೋಡುತ್ತಿದ್ದಂತೆಯೇ ಹಿಮ್ಮಡಿಯಿಂದ ಮೆಲ್ಲನೆ ಒಂದು ಸಲ ಕುಟ್ಟಿದ ಹಾಗಾಯಿತು. ಕೊಂಚ ತಡೆದು ಇನ್ನೊಂದು, ಈ ಸಲ ಗಟ್ಟಿಯಾಗಿ. ಅದು ಕಿವಿಗೆ ಬಿದ್ದದ್ದಕ್ಕಿಂತ ಅಂಗೈಗೆ ಬಡಿದದ್ದೇ ಹೆಚ್ಚು.

ಸಾಬರ ಕೈ ಇಳಿಯಿತು. ಮರಗಟ್ಟಿದ ಬೆರಳುಗಳೂ ಇಳಿದವು. ಹಾಡು ನೇರವಾಗಿ, ಸುಲಭವಾಗಿ, ಮನೆ ಬಾಗಿಲಿಗೆ ಬಂದವರಂತೆ ಬಂದು ಮುಗಿಯಿತು. ಅವರು ಎರಡೂ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಶಿರಸ್ತೇದಾರರು, "ಬಂತು ನೋಡ್ರಿ ಮಜ್ಜಿಗೆ ಅನ್ನ!" ಎಂದು ಕಣ್ಣೊರೆಸಿಕೊಂಡರು. ನಾನು ಒಬ್ಬೊಬ್ಬರನ್ನೂ ಕೇಳಿದೆ. ಯಾರಿಗೂ ಏನೂ ಕೇಳಿಸಿರಲಿಲ್ಲ. "ನೀವೇ ತಾಳಕ್ಕೆ ಕಾಲು ಬಡಿದಿರೇನೋ," ಎಂದರು ಶಿರಸ್ತೇದಾರರು. ನನ್ನ ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿದ್ದವು. ಸಾಬರ ಕಾಲುಗಳು ತಿದಿಯ ಮೇಲಿದ್ದವು.

ಎಲ್ಲರೂ ಹೋದ ಮೇಲೆ ಸಾಬರ ಹತ್ತಿರ ಹೋದೆ. ಕುಟ್ಟಿದ ಮಾತು ಎತ್ತದೆ, "ಆ ಸನ್ನೆ ಏನು ಅಂತ ಈಗಲಾದರೂ ಹೇಳಿ," ಎಂದೆ.

ಅವರು ನನ್ನನ್ನೇ ನೋಡಿದರು. "ನಿಮ್ಗೂ ಕೇಳಿಸ್ತಾ ಸ್ವಾಮಿ?"

ಹೌದೋ ಇಲ್ಲವೋ ಹೇಳು ಎಂದು ನೂರಾರು ಜನರ ಮೇಲೆ ಹರಿಹಾಯ್ದಿರುವ ನನ್ನ ಬಾಯಿಂದ ಎರಡೂ ಹೊರಡಲಿಲ್ಲ. ಸಾಬರು ನನ್ನ ಭುಜ ಹಿಡಿದು ಕಷ್ಟಪಟ್ಟು ವೇದಿಕೆ ಹತ್ತಿದರು. ನನ್ನ ಕೈಯನ್ನು ಹಲಗೆಯ ಮೇಲೆ ಇರಿಸಿದರು. ಆಮೇಲೆ ಹಿಮ್ಮಡಿಯಿಂದ ಕುಟ್ಟಿ ತೋರಿಸಿದರು: ಮೆಲ್ಲನೆ ಒಂದು, ಕೊಂಚ ತಡೆದು ಗಟ್ಟಿಯಾಗಿ ಇನ್ನೊಂದು.

ಮಾರನೆಯ ಬೆಳಗ್ಗೆ ಸಾಬರು, ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ಹತ್ತಿ ಸಿರಾಕ್ಕೆ ಹೊರಟುಹೋದರು. ನಾನು ತನಿಖೆಗೆ ಇಳಿದೆ. ನರಸಪ್ಪನನ್ನು ವೇದಿಕೆಯ ಅಡಿಗೆ ನುಗ್ಗಿಸಿದೆ. ಅವನು ಮೈತುಂಬ ಜೇಡರಬಲೆ ಮೆತ್ತಿಕೊಂಡು ಹೊರಬಂದು, "ಒಂದ್ ಇಲೀನೂ ಇಲ್ಲ ಬುಡಿ ಬುದ್ಧಿ," ಎಂದ. ಬಿಸಿಲಿಗೆ ಕಾದ ಮರ ಸಂಜೆ ಆರುವಾಗ ಸದ್ದು ಮಾಡುತ್ತದೆಂದು ಕೇಳಿ, ಎಷ್ಟೋ ಸಂಜೆ ಅದೇ ಜಾಗದಲ್ಲಿ ಕೈ ಊರಿ ಕೂತೆ. ಮರ ಲಟಕ್ಕೆಂದಿತು, ಕಿರ್ರೆಂದಿತು. ಆದರೆ ತಗ್ಗಲಿಲ್ಲ. ಮನಸ್ಸಿನ ಭ್ರಮೆ ಎನ್ನೋಣವೆಂದರೆ, ತಿಳಿಯದ ಸನ್ನೆಯನ್ನು ನನ್ನ ಮನಸ್ಸು ಎಲ್ಲಿಂದ ತಂದೀತು?

ಸಾಬರು ಆಮೇಲೆ ಹಾರ್ಮೋನಿಯಂ ಮುಟ್ಟಲಿಲ್ಲವೆಂದು ಅವರ ಅಳಿಯ ಸಿಕ್ಕಾಗ ಹೇಳಿದ. ಯಾಕೆಂದು ಕೇಳಿದವರಿಗೆಲ್ಲ "ಮುಗೀತಲ್ಲ" ಎನ್ನುತ್ತಿದ್ದರಂತೆ. ತೀರಿಕೊಳ್ಳುವವರೆಗೂ ಬಹಳ ಗೆಲುವಾಗಿದ್ದರಂತೆ.

ಈಗ ಆ ವೇದಿಕೆ ಇಲ್ಲ. ಹಲಗೆ ಕಿತ್ತು ಗಾರೆ ಹಾಕಿದ್ದಾರೆ. ಈ ಸಂಗತಿ ತಿಳಿದ ಒಬ್ಬಿಬ್ಬರು ಗೆಳೆಯರು ನನ್ನ ಮಾತನ್ನೇ ನನಗೆ ತಿರುಗಿಸಿ, "ಕಣ್ಣಾರೆ ಕಂಡಿರಾ ವಕೀಲರೇ?" ಎಂದು ಕೀಟಲೆ ಮಾಡುತ್ತಾರೆ. ಇಲ್ಲ, ಕಣ್ಣಾರೆ ಏನೂ ಕಾಣಲಿಲ್ಲ. ಹಲಗೆ ತಗ್ಗಿದ್ದು ಮಾತ್ರ ನಿಜ, ಅದಕ್ಕೆ ಯಾವ ಆಣೆ ಬೇಕಾದರೂ ಇಡುತ್ತೇನೆ. ಯಾರ ಭಾರಕ್ಕೆ ತಗ್ಗಿತು ಎಂದು ಅವರು ಕೇಳಿದಾಗ, ನಾನು ನೆಲ ನೋಡುತ್ತೇನೆ.