ಪಾನಾ ಮಾವ ಕಾದ ಕರೆ

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಪೈಪು ಜೋಡಿಸಿದ ಮನುಷ್ಯನನ್ನು ನಿವೃತ್ತಿಯ ಮರುದಿನದಿಂದ ಮಾತಾಡಿಸುವವರೇ ಇಲ್ಲ ಅಂದರೆ ನಂಬುತ್ತೀರಾ? ನಂಬಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ? ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ದೂರದ ಊರಿನ ಮಗಳು ಭಾನುವಾರ ಫೋನ್ ಮಾಡಿ "ಊಟ ಆಯ್ತಾ ಅಪ್ಪ?" ಅನ್ನುತ್ತಿದ್ದಳು, ಆಯ್ತು ಅಂದರೆ ಮಾತು ಮುಗಿಯಿತು. ಮನೆಯಲ್ಲಿದ್ದದ್ದು ಎರಡು ಕುರ್ಚಿ. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ಮಡಚದ ಬಟ್ಟೆ.

ಅಂಥವನು ಒಂದು ದಿನ, ಗುಡ್ಡದ ಮೇಲಿನ ಇಪ್ಪತ್ತಾರು ಮನೆಯ ಹಳ್ಳಿಗೆ ನೀರು ತರುವ ಸ್ವಯಂಸೇವಕರ ಗುಂಪಿಗೆ ಹೆಸರು ಕೊಟ್ಟ. ಸಂಬಳವಿಲ್ಲ, ಮಲಗಲು ಶಾಲೆಯ ಕೋಣೆಯಲ್ಲೊಂದು ಚಾಪೆ, ಬಸ್ಸಿಳಿದು ಎರಡು ಗಂಟೆ ನಡಿಗೆ. ನಟ್ಟು ತಿರುಗಿಸುವ ಪಾನಾ ಸದಾ ಸೊಂಟದಲ್ಲಿರುತ್ತಿದ್ದರಿಂದ ಮೂರನೇ ದಿನಕ್ಕೇ ಪಾನಾ ಮಾವನಾದ. "ಮಾವ, ಇಲ್ಲಿ ಬನ್ನಿ", "ಮಾವ, ಇದನ್ನೊಂಚೂರು ನೋಡಿ" ಅಂತ ದಿನಕ್ಕೆ ನೂರು ಸಲ ಕರೆಯುತ್ತಿದ್ದರು. ಎಲ್ಲಕ್ಕಿಂತ ಎತ್ತರದಲ್ಲಿದ್ದ ತುದಿಮನೆಯ ಸೊಸೆಯಂತೂ ಅವನ ಶಿಷ್ಯೆಯೇ ಆದಳು. ಪೈಪು ಕತ್ತರಿಸುವುದು, ರಬ್ಬರ್ ವಾಷರ್ ಕೂರಿಸುವುದು, ನಟ್ಟು ಬಿಗಿಯುವುದು ಎಲ್ಲ ಕಲಿತಳು. ತಪ್ಪಿದರೆ ಮಾವ ಬೈಯುತ್ತಿದ್ದ, ಬೈಸಿಕೊಂಡು ಅವಳು ನಗುತ್ತಿದ್ದಳು.

ನಾಲ್ಕು ತಿಂಗಳಿಗೆ ಮನೆಮನೆಗೂ ನೀರು ಬಂತು. ಗುಂಪಿನವರು ಗಂಟುಮೂಟೆ ಕಟ್ಟಿದರು. ಮಾವನಿಗೆ ಮಾತ್ರ ಹೊರಡಲು ಮನಸ್ಸಿಲ್ಲ. ಮತ್ತೆ ಆ ಮನೆ, ಆ ಗೋಡೆ! ಕೊನೆಯದಾಗಿ ಒಂದು ಸುತ್ತು ನೋಡಿಬರುತ್ತೇನೆಂದು ಒಬ್ಬನೇ ಟ್ಯಾಂಕಿನ ಹತ್ತಿರ ಹೋದವನು, ಮೇಲಿನ ಮನೆಗಳ ಪೈಪಿನ ನಟ್ಟು ಬಿಚ್ಚಿ, ಹೊಸ ವಾಷರ್ ತೆಗೆದು, ಸವೆದುಹೋದ ಹಳೆಯದನ್ನು ಕೂರಿಸಿ ಮಣ್ಣು ಮುಚ್ಚಿದ. ತಿಂಗಳಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ, ಆಗ ಕರೆಯುತ್ತಾರೆ ಅಂತ ಅವನ ಲೆಕ್ಕ. ಥೂ! ಮೂವತ್ತೊಂದು ವರ್ಷದಲ್ಲಿ ಒಂದು ಕೆಲಸವನ್ನೂ ಕೆಡಿಸದ ಕೈ ಅದು. ಒಂಟಿತನ ಏನೆಲ್ಲ ಮಾಡಿಸುತ್ತದೆ ನೋಡಿ. ತನ್ನ ಫೋನ್ ನಂಬರನ್ನು ಟ್ಯಾಂಕಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹೊರಟ.

ಊರಿಗೆ ಬಂದು ಕಾದ. ಸ್ನಾನಕ್ಕೆ ಹೋದರೆ ಫೋನು ಬಚ್ಚಲಿನ ಬಾಗಿಲಲ್ಲೇ. ಬಟ್ಟೆ ಮಡಚಿ ಚೀಲಕ್ಕೆ ತುಂಬಿಟ್ಟಿದ್ದ. ಒಂದು ತಿಂಗಳು ಹೋಯಿತು, ಎರಡಾಯಿತು, ಯಾರೂ ಕರೆಯಲಿಲ್ಲ. ತಡೆಯಲಾರದೆ ತಾನೇ ಬಸ್ಸು ಹತ್ತಿದ.

ಟ್ಯಾಂಕಿನ ಬಳಿ ಮಣ್ಣು ಕೆದಕಿ ನೋಡಿದರೆ ನಟ್ಟು ಒಣಗಿತ್ತು. ಒಳಗಿಂದ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರಿನ ಅಂಚು ಇಣುಕುತ್ತಿತ್ತು. ಯಾರ ಕೈಚಳಕವೆಂದು ಅವನಿಗೆ ತಕ್ಷಣ ಗೊತ್ತಾಯಿತು.

"ಅಯ್ಯೋ ಮಾವ! ಬನ್ನಿ ಬನ್ನಿ," ಎಂದು ತುದಿಮನೆಯವಳು ಚಾಪೆ ಹಾಸಿದಳು. ಕೇಳುವ ಮೊದಲೇ ಹೇಳಿದಳು. "ನೀವು ಹೋದ ಒಂದೇ ವಾರಕ್ಕೆ ಪೈಪು ಎಲ್ಲೋ ಕಿತ್ಕೊಂಡು ಹೋಯ್ತು. ನಮ್ಮನೆಗೆ ಒಂದು ಹನಿ ನೀರಿಲ್ಲ. ಎಲ್ಲಿ ಸೋರ್ತಿದೆ ಅಂತ ಪೈಪಿನುದ್ದಕ್ಕೂ ಅಗೆದು ಹುಡುಕೋಕೆ ಒಂಬತ್ತು ದಿನ ಆಯ್ತು. ಅಷ್ಟು ದಿನಾನೂ ಕೆಳಗಿನ ಹಳ್ಳದಿಂದ ಕೊಡ ಹೊತ್ತೆ."

"ನನಗೊಂದು ಫೋನ್ ಮಾಡೋದಲ್ವೇನಮ್ಮ?"

"ಹೇಗೆ ಮಾಡ್ಲಿ? ಬಿಟ್ಟಿ ಕೆಲಸ ಅಂತ ನಿಮ್ಮ ಪಾನಾ ಮಾವ ಹೇಗೋ ಮುಗಿಸಿ ಕೈತೊಳ್ಕೊಂಡು ಹೋದ್ರು ಅಂದ್ಳು ಪಕ್ಕದ ಮನೆ ಅಕ್ಕ. ನನಗೆ ಮೈಯೆಲ್ಲ ಉರೀತು. ಅವರ ಕೈಯಲ್ಲಿ ತಪ್ಪಾಗೋದೇ ಇಲ್ಲ ಅಂತ ಜಗಳ ಆಡ್ದೆ. ಅವತ್ತಿಂದ ಇಬ್ರಿಗೂ ಮಾತಿಲ್ಲ. ನಿಮ್ಮನ್ನ ಕರೆದಿದ್ರೆ ಅವಳ ಮಾತೇ ನಿಜ ಆಗ್ತಿತ್ತಲ್ಲ!"

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು. ಮಾವ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ದೊಡ್ಡ ಲೋಕದಲ್ಲಿ ತನ್ನ ಪರವಾಗಿ ಜಗಳವಾಡಿದ ಒಂದೇ ಜೀವ ಅದು. ಹೇಳಿದರೆ ಅದನ್ನೂ ಕಳೆದುಕೊಳ್ಳಬೇಕು.

"ನಾನೇ ಕೆಡಿಸಿದ್ದು ಮಗಳೇ," ಎಂದ. "ಬೇಕಂತಲೇ ಹಳೇ ವಾಷರ್ ಹಾಕಿದ್ದೆ. ನೀವು ಕರೀತೀರಿ ಅಂತ. ಮನೇಲಿ ಯಾರೂ ಇಲ್ಲ ಕಣಮ್ಮ. ಇರೋಕಾಗಲ್ಲ."



"ಒಂಬತ್ತು ದಿನ," ಅಂದಳು. ಆಮೇಲೆ ಎದ್ದು ನಿಂತಳು. "ಏಳಿ. ಅಕ್ಕನ ಮನೆಗೆ ಹೋಗೋಣ. ಇದನ್ನ ನೀವೇ ಹೇಳ್ಬೇಕು, ನನ್ನ ಬಾಯಲ್ಲಿ ಬರಲ್ಲ."

ಅವಳು ಮುಂದೆ, ಅವನು ಹತ್ತು ಹೆಜ್ಜೆ ಹಿಂದೆ. ಪಕ್ಕದ ಮನೆಯ ಬಾಗಿಲಲ್ಲಿ ನಿಂತು "ಅಕ್ಕಾ" ಎಂದು ಕೂಗಿದಳು. ಹೊರಗೆ ಬಂದ ಅಕ್ಕ ಇಬ್ಬರನ್ನೂ ಬೆರಗಾಗಿ ನೋಡಿದಳು.

"ಇವ್ರು ಏನೋ ಹೇಳ್ಬೇಕಂತೆ, ಕೇಳಕ್ಕ," ಅಂದಳು ತುದಿಮನೆಯವಳು. ಅವನು ಬಾಯಿ ತೆರೆಯುವ ಮೊದಲೇ ತನ್ನ ಮನೆಯ ಕಡೆ ತಿರುಗಿ ಹೊರಟುಹೋದಳು.