ಜರಡಿ ಸಾಕಿತ್ತು

ಈಚೆಗೆ ನಾನೊಂದು ಶಬ್ದ ದಾನ ಮಾಡಿದೆ. ಯಾರೂ ಕೇಳಿರಲಿಲ್ಲ. ನಾನಾಗಿಯೇ ಕೊಟ್ಟದ್ದು.

ಪಡೆದವರು ಝೊಹರಾ ಟೀಚರ್. ಶಿರ್ತಾಡಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ನನ್ನ ಮಗಳೂ ಅವರ ಕೈಯಲ್ಲೇ ಕಲಿತವಳು. ಬಂಟ್ವಾಳದಲ್ಲಿ ವಿಜ್ಞಾನ ಶಿಕ್ಷಕರ ಒಂದು ಕಾರ್ಯಾಗಾರ. ಅದರಲ್ಲಿ ಇವರದ್ದೊಂದು ಉಪನ್ಯಾಸ. ಬದುಕಿನಲ್ಲೇ ಮೊದಲನೆಯದು. ವಿಷಯ, ಡಯಾಟಮ್.

ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಆ ಕಂದು ಲೋಳೆ? ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳಿರುತ್ತವಂತೆ. ಒಂದೊಂದಕ್ಕೂ ಗಾಜಿನ ಚಿಪ್ಪು! ಟೀಚರ್ ತವರಿಗೆ ಹೋದಾಗ ನೇತ್ರಾವತಿಗೆ ಇಳಿದು, ಹಳೆಯ ಟೂತ್‌ಬ್ರಶ್ಶಿನಲ್ಲಿ ಕಲ್ಲು ಉಜ್ಜಿ, ಲೋಳೆಯನ್ನು ಬಾಟಲಿಯಲ್ಲಿ ತುಂಬಿಸಿ ತಂದಿದ್ದರು. (ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ‘ಇವರಿಗೆ ಏನಾಯ್ತಪ್ಪ’ ಎಂದು ನೋಡಿದರಂತೆ.)

“ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ ಸರ್. ಕನ್ನಡ ಎಲ್ಲಿಯಾದ್ರೂ ತಪ್ಪಿದ್ರೆ ಹೇಳಿ” ಎಂದು, ಪತ್ರಿಕೆಗೆ ಅಂಕಣ ಬರೆಯುವ ನನಗೆ ಫೋನಿನಲ್ಲಿ ಇಡೀ ಉಪನ್ಯಾಸ ಓದಿದರು. ಕೇಳಿದ್ದು ತಪ್ಪು ಹುಡುಕಿಕೊಡಿ ಎಂದು; ಶಬ್ದ ಕೊಡಿ ಎಂದಲ್ಲ.

ತಪ್ಪೇ ಇರಲಿಲ್ಲ. ಚಿಪ್ಪಿನ ತುಂಬ ಸಣ್ಣ ಸಣ್ಣ ತೂತುಗಳಿದ್ದರೆ ಅದಕ್ಕೆ ಇಂಗ್ಲಿಷಿನವರು ‘ಕ್ರಿಬ್ರೇಟ್’ ಎನ್ನುತ್ತಾರಂತೆ. ಟೀಚರ್ ‘ಜರಡಿಯಂಥ’ ಎಂದಿದ್ದರು. ಎಷ್ಟು ಚೆಂದ! ಆದರೆ ತಪ್ಪೇ ಸಿಗದಿದ್ದರೆ ತಿದ್ದುವವನ ಮರ್ಯಾದೆ ಏನಾಗಬೇಕು?

ನನಗೆ ಕನ್ನಡ ಬಂದದ್ದು ಅಜ್ಜನಿಂದ. ತಾಳಮದ್ದಳೆಯಲ್ಲಿ ರಾಜರ ಪಾತ್ರಗಳಿಗೆ ಕೂತಲ್ಲೇ ಅರ್ಥ ಹೇಳುತ್ತಿದ್ದವರು. ಮನೆಮಾತು ತುಳು, ಕನ್ನಡಕ್ಕೆ ಬಾಯಿ ತೆರೆದರೆ ಮಜ್ಜಿಗೆ ಕೇಳುವುದೂ ಸಿಂಹಾಸನದ ಮೇಲೆ ಕುಳಿತವರ ಧಾಟಿಯಲ್ಲೇ. ಅವರು ಬಿಟ್ಟುಹೋದ ದೊಡ್ಡ ದೊಡ್ಡ ಶಬ್ದಗಳು ನನ್ನಲ್ಲಿ ರಾಶಿ ಬಿದ್ದಿವೆ. ಖರ್ಚಾಗಬೇಡವೇ?

“ಜರಡಿ ಅಂದ್ರೆ ಅಡುಗೆಮನೆಯದ್ದಾಯ್ತು ಟೀಚರೇ. ವಿಜ್ಞಾನಕ್ಕೆ ಒಂದು ತೂಕ ಬೇಡ್ವಾ? ‘ಚಾಲನೀಸದೃಶ’ ಅಂತ ಹಾಕಿ. ಚಾಲನಿ ಅಂದ್ರೆ ಸಂಸ್ಕೃತದಲ್ಲಿ ಜರಡಿಯೇ.”

“ಅರ್ಥ ಆಗ್ತದಾ ಸರ್?”

“ಕೇಳುವವರು ಮಕ್ಕಳಲ್ಲ, ಟೀಚರುಗಳು!”

ಹಾಕಿದರು. ಕೇಳಲಿಕ್ಕೆ ನಾನೂ ಬಂಟ್ವಾಳಕ್ಕೆ ಹೋದೆ. ಎರಡನೇ ಸಾಲಿನಲ್ಲಿ ಕುಳಿತೆ.

ಪರದೆಯ ಮೇಲೆ ನನ್ನ ಶಬ್ದ ಬಂತು. ಹಿಂದಿನಿಂದ ಒಬ್ಬರು, “ಚಾಲನೆಯಾ? ಇದು ಓಡ್ತದಾ ಮೇಡಂ?”

ಇನ್ನೊಬ್ಬರು, “ಚಾಲನೆ ಕೊಡ್ಲಿಕ್ಕೆ ಮಂತ್ರಿಯೇ ಬರ್ಬೇಕಷ್ಟೆ ಮಾರಾಯ್ರೆ!”

ಸಭೆ ನಕ್ಕಿತು. ನಾನೂ ನಕ್ಕೆ. (ಜೋಕು ಚೆನ್ನಾಗಿಯೇ ಇತ್ತು.)

“ಅಲ್ಲ... ಚಾಲನಿ ಅಂದ್ರೆ ಜರಡಿ” ಎಂದರು ಟೀಚರ್. ದನಿ ಅರ್ಧಕ್ಕಿಳಿದಿತ್ತು.

ಅಧ್ಯಕ್ಷರು ಮೈಕ್ ಹತ್ತಿರ ಎಳೆದುಕೊಂಡರು. ನಿವೃತ್ತ ಹೆಡ್‌ಮಾಸ್ಟರ್. “ಎಲ್ಲಿ ಸಿಕ್ಕಿತು ಮೇಡಂ ಈ ಶಬ್ದ?”

ಟೀಚರ್ ನನ್ನ ಕಡೆ ನೋಡಿದರು. ನಾನು ಮೊಬೈಲ್ ನೋಡಿದೆ.

ಎದ್ದು ‘ನಾನು ಕೊಟ್ಟದ್ದು, ಶಬ್ದ ಸರಿ ಉಂಟು’ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ನಗು ಇನ್ನೂ ನಿಂತಿರಲಿಲ್ಲ. ಎದ್ದರೆ ಅದು ನನ್ನ ಮೇಲೆ ಬೀಳುತ್ತಿತ್ತು.

“ಎಲ್ಲಿಯೋ ಓದಿದ್ದು ಸರ್.”

“ಇರಲಿ, ಇರಲಿ” ಎಂದರು ಅಧ್ಯಕ್ಷರು, ಕನಿಕರದಿಂದಲೇ. “ಅವರ ಮನೆಭಾಷೆ ಕನ್ನಡ ಅಲ್ಲ ನೋಡಿ, ಸ್ವಲ್ಪ ಹೆಚ್ಚುಕಡಿಮೆ ಆಗ್ತದೆ. ಆದ್ರೂ ಪ್ರಯತ್ನ ಪಟ್ರಲ್ಲ, ಒಂದು ಚಪ್ಪಾಳೆ ಕೊಡುವ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲಿನ ಚಿತ್ರಗಳನ್ನು ಟೀಚರ್ ಓಡಿಸಿಬಿಟ್ಟರು. ಆ ಗಾಜಿನ ಚಿಪ್ಪುಗಳು ಬಂದವು, ಹೋದವು. ಯಾರೂ ಏನೂ ಕೇಳಲಿಲ್ಲ.

ಚಹಾದ ಹೊತ್ತಿಗೆ ಹತ್ತಿರ ಬಂದರು. “ಸರ್, ನೀವು ಹೇಳಿದ್ದು ಬೇರೆ ಶಬ್ದವಾ? ಫೋನಿನಲ್ಲಿ ನಾನೇ ತಪ್ಪು ಕೇಳಿಸಿಕೊಂಡೆನಾ?”

ಚುಚ್ಚುಮಾತಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಚುಚ್ಚಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಇರಬಹುದು ಟೀಚರೇ” ಎಂದೆ, ಗೋಳಿಬಜೆ ಮುರಿಯುತ್ತ. “ಆ ದಿನ ನೆಟ್‌ವರ್ಕ್ ಸರಿ ಇರ್ಲಿಲ್ಲ ಅಲ್ವಾ?”

“ಹಾಗೇ ಆಗಿರ್ಬೇಕು. ಮುಂದಿನ ತಿಂಗಳು ಮೂಡುಬಿದಿರೆಯಲ್ಲೂ ಮಾತಾಡ್ಲಿಕ್ಕೆ ಕರೆದಿದ್ರು. ಬೇಡ ಅಂತ ಹೇಳ್ತೇನೆ. ನಮಗೆ ಇದೆಲ್ಲ ಆಗುದಿಲ್ಲ ಸರ್.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ನೆಟ್‌ವರ್ಕ್ ಇಲ್ಲದ್ದು ಫೋನಿಗಾ, ನಿಮಗಾ?” ಎಂದಳು. “ಮೊದ್ಲು ಫೋನ್ ಮಾಡಿ.”

ಮಾಡಿದೆ. ಶಬ್ದ ನನ್ನದೇ, ನೀವು ಕೇಳಿಸಿಕೊಂಡದ್ದು ಸರಿಯೇ, ಸುಳ್ಳು ಹೇಳಿದವನು ನಾನು ಎಂದೆ. ಟೀಚರ್ ನಕ್ಕರು.

“ನನ್ನ ಸಮಾಧಾನಕ್ಕೆ ಹೇಳುದು ನೀವು. ಬೇಡ ಸರ್. ನಿಮ್ಮ ಕನ್ನಡ ತಪ್ಪುದುಂಟಾ?”

ನೋಡಿ, ಅವರನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೇನೆ! ನಿಜ ಹೇಳಿದರೂ ನಂಬದಷ್ಟು ನಂಬಿಕೆ ನನ್ನ ಮೇಲೆ. ತಮ್ಮ ಕಿವಿಯ ಮೇಲೆ ಇಲ್ಲ.

ಹಾಗಾಗಿ ಅಚ್ಚಿನಲ್ಲೇ ಹೇಳುತ್ತಿದ್ದೇನೆ. ಆ ಸಭೆಯಲ್ಲಿದ್ದವರು ಬಹಳ ಮಂದಿ ಈ ಅಂಕಣ ಓದುವವರೇ. ಟೀಚರ್ ಬರೆದದ್ದು ಜರಡಿ. ಚಾಲನಿ ನನ್ನದು. ಮೂಡುಬಿದಿರೆಯವರು ದಯವಿಟ್ಟು ಅವರನ್ನು ಇನ್ನೊಮ್ಮೆ ಕರೆಯಬೇಕು.

ಇನ್ನೊಂದು ಮಾತು. ಇಷ್ಟು ವರ್ಷ ಬರೆದಿದ್ದೇನೆ, ತಪ್ಪಿದಾಗಲೆಲ್ಲ ಫೋನ್ ಮಾಡಿ ಬೈದಿದ್ದೀರಿ. ಆದರೆ ಈ ತುಳುವಿನವನಿಗೆ ‘ಇರಲಿ, ಅವರ ಮನೆಭಾಷೆ ಕನ್ನಡ ಅಲ್ಲ ನೋಡಿ’ ಎಂದು ನಿಮ್ಮಲ್ಲಿ ಒಬ್ಬರೂ ಹೇಳಿಲ್ಲವಲ್ಲ, ಯಾಕೆ?