ಸಾಲಿನಲ್ಲಿ ನಿಲ್ಲಿಸಿ ಕೇಳಬಾರದು

ಸುಬೇದಾರ ಸಾಹೇಬರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಅಂಚಿನ ಹಾಗೆ ಅದು ಒರಟಾಗಿ ಮುಗಿದುಹೋಗಿತ್ತು. ಮುಂಡಗೋಡದ ಏಪ್ರಿಲ್ ಬಿಸಿಲಿನಲ್ಲೂ ಅದಕ್ಕೆ ಉಣ್ಣೆಯ ಮಫ್ಲರ್ ಸುತ್ತಿಕೊಂಡೇ ಮೈದಾನಕ್ಕೆ ಬರುತ್ತಿದ್ದರು. ಮೊದಲ ದಿನ ನಾನು ಓಡುವುದನ್ನು ಬಿಟ್ಟು ಅದನ್ನೇ ನೋಡುತ್ತ ನಿಂತದ್ದು ಅವರ ಕಣ್ಣಿಗೆ ಬಿತ್ತು. ಮಫ್ಲರ್ ಬಿಚ್ಚಿ, ಚೆನ್ನಾಗಿ ಕಾಣಲೆಂದು ತಲೆ ವಾರೆ ಮಾಡಿ ಹಿಡಿದರು. "ಬರ್ಫ ತಿಂದೈತ್ರಿ ಸಾಹೇಬ್ರ. ನೋಡಿದ್ದಾತಿಲ್ಲೋ? ಇನ್ನ ಓಡ್ರಿ," ಎಂದರು.

ಸಾಹೇಬ್ರ ಎಂದದ್ದು ನನ್ನನ್ನು. ಆಗ ನನಗೆ ಹತ್ತೊಂಬತ್ತು ವರ್ಷ. ಹತ್ತಿರದ ಪಾಳಾ ಊರಿನ ಒಕ್ಕಲುತನದ ಮನೆಯವಳು, ಮುಂಡಗೋಡದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ. ಅಲ್ಲಿಯವರೆಗೆ ನನ್ನನ್ನು ಯಾರೂ ಬಹುವಚನದಲ್ಲಿ ಮಾತನಾಡಿಸಿರಲಿಲ್ಲ. ಎಮ್ಮೆ ಕಟ್ಟಲು ಹೇಳುವಾಗ ಅವ್ವ ಹೆಸರು ಕೂಡ ಹಿಡಿಯುತ್ತಿರಲಿಲ್ಲ, "ಏ" ಅಂದರೆ ಸಾಕಿತ್ತು. ಸೇನೆಯಲ್ಲಿ ಅಧಿಕಾರಿಯಾಗುತ್ತೇನೆಂದು ಬಂದ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಸುಬೇದಾರರು ಮೊದಲ ದಿನದಿಂದಲೇ ಹಾಗೆ ಕರೆಯುತ್ತಿದ್ದರು. ನಾವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆವು. ನಗುವ ಮಾತಲ್ಲ ಎಂದು ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಅವರು ಸಿದ್ದಿ ಸಮುದಾಯದವರು, ಹಳಿಯಾಳ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿದವರು. ಸಾಮಾನ್ಯ ಸಿಪಾಯಿಯಾಗಿ ಸೇರಿ ಸುಬೇದಾರರಾಗಿ ನಿವೃತ್ತರಾಗಿ, ಹೆಂಡತಿಯ ಜೊತೆ ಮುಂಡಗೋಡದಲ್ಲಿ ನೆಲೆಸಿದ್ದರು. ಬಸ್ಸಿನಲ್ಲಿ ಹೊಸ ಕಂಡಕ್ಟರ್ ಯಾರಾದರೂ ಅವರ ಗುಂಗುರು ಕೂದಲು, ಮೈಬಣ್ಣ ನೋಡಿ ಹೊರದೇಶದವರೆಂದು ತಿಳಿದು ಹರಕು ಇಂಗ್ಲಿಷಿನಲ್ಲಿ ಎಲ್ಲಿಗೆ ಹೋಗಬೇಕೆಂದು ಕೇಳುವುದಿತ್ತು. ಅವನು ಪಟ್ಟ ಪಾಡನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, "ಹಳಿಯಾಳಕ್ಕ ಒಂದ ಕೊಡೋ ತಮ್ಮಾ," ಎನ್ನುತ್ತಿದ್ದರು. ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅಷ್ಟೇ.

ಕಾಲೇಜಿನ ಹಿಂದಿನ ಮೈದಾನದಲ್ಲಿ ನಾವು ಏಳು ಜನ ಕಲಿಯುತ್ತಿದ್ದೆವು, ಐವರು ಹುಡುಗರು, ಇಬ್ಬರು ಹುಡುಗಿಯರು. ಅಧಿಕಾರಿಗಳ ಆಯ್ಕೆ ಐದು ದಿನ ನಡೆಯುತ್ತದೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಹಲಗೆ, ಹಗ್ಗ ಕೊಟ್ಟು, ಇದನ್ನು ದಾಟಿ ಎನ್ನುತ್ತಾರೆ. ಮಸುಕು ಚಿತ್ರ ತೋರಿಸಿ ಕಥೆ ಬರೆಯಿರಿ ಎನ್ನುತ್ತಾರೆ. ಸುಬೇದಾರರು ತಮ್ಮ ಚಿತ್ರಗಳನ್ನು ತಾವೇ ರಟ್ಟಿನ ಮೇಲೆ ಇದ್ದಿಲಿನಿಂದ ಬರೆದು ತರುತ್ತಿದ್ದರು. ಎಲ್ಲ ಚಿತ್ರದಲ್ಲೂ ಒಂದು ಇಳಿಜಾರು, ಅದರ ಮೇಲೆ ಕೆಲವು ಮನುಷ್ಯರು. ನಾವು ಪ್ರವಾಹದಿಂದ ಊರು ಉಳಿಸಿದ, ಬೆಂಕಿಯಿಂದ ಶಾಲೆ ಉಳಿಸಿದ ಕಥೆ ಬರೆದು ಉತ್ಸಾಹದಿಂದ ಓದುತ್ತಿದ್ದೆವು. ಅವರು ಪೂರ್ತಿ ಕೇಳಿ, "ಚಲೋ ಆತ್ರಿ. ವಾಪಸ್ ಬರಲಾರದಾಂವ ಯಾರು?" ಎನ್ನುತ್ತಿದ್ದರು. ಎಲ್ಲರೂ ಬಂದರು ಸರ್ ಎಂದರೆ ಸುಮ್ಮನೆ ರಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರ ಮುಖ ನೋಡಿದರೆ ನಮ್ಮ ಮಾತನ್ನು ಅವರು ನಂಬಿಲ್ಲವೆಂದು ಗೊತ್ತಾಗುತ್ತಿತ್ತು.

ಇನ್ನೊಂದು ಅಭ್ಯಾಸ ನಮ್ಮ ಮನೆಯವರನ್ನೇ ಹೆದರಿಸಿತ್ತು. ಹಲಗೆ ಹಾಕಿ ಹಗ್ಗ ಕಟ್ಟುವ ಕೆಲಸ ನಡುವಿಗೆ ಬಂದಾಗ ಅವರು ಹಿಂದಿನಿಂದ ಬಂದು ಒಬ್ಬರ ಭುಜದ ಮೇಲೆ ಕೈಯಿಟ್ಟು, "ನೀವು ಸತ್ರಿ ಸಾಹೇಬ್ರ, ಮಲಕೋರಿ," ಎನ್ನುತ್ತಿದ್ದರು. ಮಲಗಬೇಕು. ಉಳಿದವರು ಹೊತ್ತುಕೊಂಡು ಕೆಲಸ ಮುಗಿಸಬೇಕು. ಆ ದಿನದ ನಾಯಕರು ಸತ್ತವನ ಮನೆಗೆ ಕಾಗದ ಬರೆಯಬೇಕು, ಸೇನೆಯಲ್ಲಿ ಅಧಿಕಾರಿ ಬರೆಯುವ ಹಾಗೆಯೇ. ನಾವು ಧೈರ್ಯ, ತ್ಯಾಗ, ಹೆಮ್ಮೆ ಎಂದೆಲ್ಲ ಬರೆದರೆ ಆ ಶಬ್ದಗಳ ಮೇಲೆ ಕೆಂಪು ಪೆನ್ಸಿಲ್ ಎಳೆಯುತ್ತಿದ್ದರು. "ಅವರವ್ವಗ ಇದು ಬ್ಯಾಡ್ರಿ. ಆ ದಿನ ಮುಂಜಾನೆ ಏನ ತಿಂದಿದ್ದ, ಅದನ್ನ ಬರೀರಿ." ಇಂಥದೊಂದು ಕಾಗದ ನನ್ನ ಚೀಲದಲ್ಲಿ ಅವ್ವನ ಕೈಗೆ ಸಿಕ್ಕಿತು. ಸತ್ತವರ ಜಾಗದಲ್ಲಿ ನನ್ನ ಹೆಸರಿತ್ತು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅಪ್ಪ ಮೈದಾನಕ್ಕೇ ಬಂದು, ಮಕ್ಕಳಿಗೆ ಇಂಥದನ್ನೆಲ್ಲ ಯಾಕೆ ಕಲಿಸುತ್ತೀರಿ ಎಂದು ಕೇಳಿದರು. ಸುಬೇದಾರರು ಕೈಮುಗಿದು, ಇದನ್ನು ಕಲಿಯದವರ ಕೈಗೆ ಜನರನ್ನು ಕೊಡಬಾರದು ಎಂದಷ್ಟೇ ಹೇಳಿ ಕಳಿಸಿದರಂತೆ.

ಏಳು ಜನರಲ್ಲಿ ಎಲ್ಲರಿಗಿಂತ ಮುಂದಿದ್ದವನು ಮಂಜುನಾಥ. ಮುಂಡಗೋಡದವನೇ. ತಾಯಿ ವಾರದ ಸಂತೆಯಲ್ಲಿ ಚುರುಮುರಿ ಮಾರಿ ಅವನನ್ನು ಓದಿಸಿದ್ದಳು. ಓಟದಲ್ಲಿ ಅವನನ್ನು ಹಿಂದೆ ಹಾಕಿದವರಿಲ್ಲ. ಡಿಗ್ರಿ ಮುಗಿಸಿದ ವರ್ಷ ಲಿಖಿತ ಪರೀಕ್ಷೆಯಲ್ಲಿ ಪಾಸಾದವರು ನಾವಿಬ್ಬರೇ. ಬೆಂಗಳೂರಿನ ಆಯ್ಕೆಗೆ ಕರೆ ಬಂತು. ಇನ್ನು ಹದಿನೈದು ದಿನ ಉಳಿದಿದ್ದಾಗ, ಸೆಪ್ಟೆಂಬರಿನ ಒಂದು ಬೆಳಗ್ಗೆ, ಸುಬೇದಾರರು ನಮ್ಮನ್ನು ಅತ್ತಿವೇರಿ ದಾರಿಯ ಹಳ್ಳಕ್ಕೆ ಕರೆದುಕೊಂಡು ಹೋದರು. ಮಳೆಗೆ ಹಳ್ಳ ಕೆಂಪಾಗಿ, ಸದ್ದಿಲ್ಲದೆ ತುಂಬಿ ಹರಿಯುತ್ತಿತ್ತು. ಖಾಲಿ ಡ್ರಮ್ಮು, ಬಿದಿರು, ಹಗ್ಗ ಕಟ್ಟಿ ತೆಪ್ಪ ಮಾಡಿ ಏಳು ಜನ, ಒಂದು ಮರಳಿನ ಚೀಲ ಆಚೆ ದಂಡೆ ಮುಟ್ಟಬೇಕು. ಆ ದಿನದ ನಾಯಕಿ ನಾನು.

ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಹಗ್ಗ ಎಳೆದು ನೋಡಿದೆ, ಬಿದಿರು ತುಳಿದು ನೋಡಿದೆ. ಆರೂ ಜನರನ್ನು ಸಾಲಿನಲ್ಲಿ ನಿಲ್ಲಿಸಿ, ಈಜು ಬರದವರು ಯಾರಾದರೂ ಇದ್ದೀರಾ ಎಂದು ಗಟ್ಟಿಯಾಗಿ ಕೇಳಿದೆ. ಎಲ್ಲರೂ ಎದೆ ಮುಂದೆ ಮಾಡಿ ನಿಂತಿದ್ದರು. ಯಾರೂ ಮಿಸುಕಲಿಲ್ಲ. ಸುಬೇದಾರರು ದಂಡೆಯ ಕಲ್ಲಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಮಂಜುನಾಥ ನಮ್ಮಲ್ಲಿ ಗಟ್ಟಿಗ, ಅದಕ್ಕೆ ಅವನನ್ನೇ ತೆಪ್ಪದ ಮುಂದಿನ ತುದಿಗೆ ಹಾಕಿದೆ.

ಹಳ್ಳದ ನಡುವೆ ಡ್ರಮ್ಮು ಹೊರಳಿತು. ಮಂಜುನಾಥ ಕೂಗದೆ, ಕೈಯೆತ್ತದೆ ನೀರಿಗೆ ಹೋದ. ಒಂದು ಕ್ಷಣ ನಾವೆಲ್ಲ ಅವನು ಏಳುತ್ತಾನೆಂದು ಕಾದೆವು, ಈಜು ಬರುವುದಿಲ್ಲ ಎಂದಿರಲಿಲ್ಲವಲ್ಲ. ಆಗಲೇ ಸುಬೇದಾರರು ನೀರಿನಲ್ಲಿದ್ದರು, ಬೂಟು ಕೂಡ ಬಿಚ್ಚಿರಲಿಲ್ಲ. ಮೂವತ್ತು ಹೆಜ್ಜೆ ಕೆಳಗೆ, ಹಳ್ಳ ತಿರುಗುವಲ್ಲಿ, ಬಿದಿರು ಮೆಳೆಗೆ ಸಿಕ್ಕಿಕೊಂಡಿದ್ದವನನ್ನು ಎಳೆದು ತಂದು ಎದೆ ಒತ್ತಿದರು. ಕೆಂಪು ನೀರು ಬಂತು, ಬಹಳ ಹೊತ್ತಿನ ಮೇಲೆ ಉಸಿರು ಬಂತು. ಅವನಿಗೆ ಈಜು ಬರುತ್ತಲೇ ಇರಲಿಲ್ಲ.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಸುಬೇದಾರರು ನನ್ನನ್ನು ಕರೆದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ.

"ಹೆಂಗ ಕೇಳಿದ್ರಿ ಸಾಹೇಬ್ರ?"

"ಎಲ್ಲಾರನ್ನೂ ನಿಲ್ಲಿಸಿ ಕೇಳಿದೆನ್ರಿ. ಈಜು ಬರೂದಿಲ್ಲಂತ ಯಾರೂ ಅನ್ನಲಿಲ್ರಿ."

"ಸಾಲಿನ್ಯಾಗ ನಿಲ್ಲಿಸಿ ಕೇಳಿದ್ರ ಯಾರೂ ಅನ್ನೂದಿಲ್ರಿ. ಒಬ್ಬೊಬ್ಬನ್ನ ಬ್ಯಾರೆ ಕರದು ಕೇಳಬೇಕು. ಮಂದಿ ಮುಂದ ಅಂಜಿಕಿ ಒಪ್ಕೊಳ್ಳೂದಕಿಂತ ಸಾಯೂದು ಹಗೂರ ಅನಸ್ತೈತಿ."

ಒದ್ದೆ ಬಟ್ಟೆಯಲ್ಲೇ ಕೂತು ಅವರು ತಮ್ಮ ಕಥೆ ಹೇಳಿದರು. ಆಗ ಅವರು ಹವಾಲ್ದಾರ. ಹಿಮದ ಗುಡ್ಡದ ಠಾಣೆಯಲ್ಲಿ ಇಪ್ಪತ್ಮೂರು ವರ್ಷದ ಹೊಸ ಅಧಿಕಾರಿಯೊಬ್ಬ ಬೆಳಗ್ಗೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ, ಈ ಇಳಿಜಾರು ದಾಟಬಹುದೇ ಎಂದು ಇವರನ್ನೇ ಕೇಳಿದ. ಹಿಮ ಸಡಿಲಾಗಿದೆ ಎಂದು ಇವರ ಕಾಲಿಗೆ ಗೊತ್ತಾಗಿತ್ತು. ಆದರೆ ಹುಡುಗರೆಲ್ಲ ಇವರ ಮುಖವನ್ನೇ ನೋಡುತ್ತಿದ್ದರು. ದಾಟಬಹುದು ಸಾಬ್ ಎಂದರು. ನಾಲ್ಕು ಜನ ಹಿಮದಡಿ ಹೋದರು. ಕಿವಿ ಹೋದದ್ದು ಅವರನ್ನು ಅಗೆದು ತೆಗೆಯುವಾಗ.

"ಆ ಸಾಹೇಬ ಕೆಟ್ಟಾಂವ ಅಲ್ರಿ. ಅಂವ ಕೇಳಿದ. ಸುಳ್ಳು ಹೇಳಿದಾಂವ ನಾ." ಬೂಟು ಬಿಚ್ಚಿ ಒಳಗಿನ ನೀರು ಚೆಲ್ಲಿದರು. "ಇವತ್ತ ನೀವು ಸಾಲು ನಿಲ್ಲಿಸಿದಾಗ ತಪ್ಪಾತು ಅಂತ ನನಗ ಗೊತ್ತಾತು. ತಾವ ತಿಳಕೊಳ್ಳಲಿ ಅಂತ ಸುಮ್ನ ಕುಂತೆ. ಮತ್ತ ಸುಮ್ನ ಕುಂತೆ ನೋಡ್ರಿ."

ಹೊರಡುವಾಗ ಒಂದು ಮಾತು ಹೇಳಿದರು. "ಅಂವ ಸತ್ತಿದ್ರ ಕಾಗದ ಬರೀತಿದ್ರಿ. ಬದುಕ್ಯಾನ. ಅವರವ್ವನ ಮುಂದ ಹೋಗಿ ಬಾಯಿಲೆ ಹೇಳಿ ಬರ್ರಿ. ಬೆಂಗಳೂರಿಗೆ ಹೋಗೂದೋ ಬ್ಯಾಡೋ ಆಮ್ಯಾಲ ನೋಡೂಣು."

ಸಂತೆಯ ದಿನ ಹೋದೆ. ಸ್ನಾನಕ್ಕೆ ಇಳಿದಾಗ ಜಾರಿದೆ ಎಂದು ಮಂಜುನಾಥ ಮನೆಯಲ್ಲಿ ಹೇಳಿದ್ದ. ಚುರುಮುರಿ ರಾಶಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಮುಂದಿನ ತುದಿಗೆ ಹಾಕಿದವಳು ನಾನೇ ಎಂಬುದನ್ನೂ. ಆ ತಾಯಿ ಗಿರಾಕಿಗೆ ಅಳೆದು ಹಾಕುತ್ತಲೇ ಕೇಳಿದಳು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಗಿರಾಕಿ ಹೋದ ಮೇಲೆ ಸೇರು ಕೆಳಗಿಟ್ಟು, "ಇನ್ನ ಮ್ಯಾಲ ನಮ್ಮಂಥಾರ ಮಕ್ಕಳನ್ನ ನಿನ್ನ ಕೈಯಾಗ ಕೊಡ್ತಾರೇನವ್ವಾ?" ಎಂದಳು. ಮಂಜುನಾಥ ಬೆಂಗಳೂರಿಗೆ ಹೋಗಲಿಲ್ಲ, ಮೈದಾನಕ್ಕೂ ಮತ್ತೆ ಬರಲಿಲ್ಲ. ಸುಬೇದಾರರಿಗೆ ಆಕೆಯ ಮಾತನ್ನು ಇದ್ದ ಹಾಗೆ ಒಪ್ಪಿಸಿದೆ. ಅವರು ತಲೆಯಾಡಿಸಿ, ಹಾಗಾದರೆ ಈಗ ನೀವು ಬೆಂಗಳೂರಿಗೆ ಹೋಗಬಹುದು ಎಂದರು.

ನಾನು ಆಯ್ಕೆಯಾದೆ. ತರಬೇತಿ ಮುಗಿಸಿ ಹಿಮದ ಗುಡ್ಡಗಳಲ್ಲಿ ದಾರಿ ತೆರವು ಮಾಡುವ ತುಕಡಿಗೆ ಹೋದೆ. ನಾಲ್ಕು ವರ್ಷ ಯಾರನ್ನೂ ಸಾಲಿನಲ್ಲಿ ನಿಲ್ಲಿಸಿ ಕೇಳಲಿಲ್ಲ. ಪ್ರತಿ ಬೆಳಗ್ಗೆ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸುತ್ತಿದ್ದೆ. ನನ್ನ ಜವಾನರು ಇದನ್ನು ಡಾಕ್ಟರ ಪಾಳಿ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ಬಿಟ್ಟಿದ್ದೆ.

ಹೋದ ಚಳಿಗಾಲ ಒಂದು ಬೆಳಗ್ಗೆ ಹವಾ ಕೆಡುತ್ತಿತ್ತು. ಮೇಲಿನ ಠಾಣೆಗೆ ಹೊರಟ ವಾಹನಗಳು ದಾರಿಗಾಗಿ ಕಾಯುತ್ತಿದ್ದವು. ಮೂವತ್ತೆರಡು ಜನರನ್ನು ಒಬ್ಬೊಬ್ಬರಾಗಿ ಕರೆಯಲು ಹೊತ್ತಿರಲಿಲ್ಲ, ಅಥವಾ ಇಲ್ಲವೆಂದು ನಾನು ಅಂದುಕೊಂಡೆ. ತಲೆನೋವು, ಕೆಮ್ಮು, ಉಸಿರಿನ ತೊಂದರೆ ಯಾರಿಗಾದರೂ ಇದೆಯೇ ಎಂದು ಸಾಲಿನ ಮುಂದೆ ನಿಂತು ಕೇಳಿದೆ. ಯಾರೂ ಮಿಸುಕಲಿಲ್ಲ. ಸವದತ್ತಿ ಕಡೆಯ ಹುಡುಗನೊಬ್ಬನಿದ್ದ, ಇಪ್ಪತ್ತೆರಡು ವರ್ಷ. ಹಿಂದಿನ ಸಂಜೆಯಿಂದ ಕೆಮ್ಮುತ್ತಿದ್ದನೆಂದು ಪಕ್ಕದಲ್ಲಿ ಮಲಗುವವನು ಆಮೇಲೆ ಹೇಳಿದ. ಆ ಎತ್ತರದಲ್ಲಿ ಕೆಲಸಕ್ಕಿಳಿದ ಅವನ ಎದೆಯಲ್ಲಿ ನೀರು ತುಂಬಿತು. ಮೋಡಕ್ಕೆ ಹೆಲಿಕಾಪ್ಟರ್ ಬರಲಾಗಲಿಲ್ಲ. ಮರುದಿನ ಮಧ್ಯಾಹ್ನ ತೀರಿಕೊಂಡ. ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲ ಎಂದಾಯಿತು.

ಅವನ ಮನೆಗೆ ಕಾಗದ ಬರೆಯಲು ಕೂತೆ. ಆ ಮುಂಜಾನೆ ಅವನು ಏನು ತಿಂದಿದ್ದ ಎಂದು ಅಡುಗೆಯವನನ್ನು ಕೇಳಿದೆ. ಏನೂ ತಿಂದಿರಲಿಲ್ಲ, ತಟ್ಟೆ ಹಾಗೇ ವಾಪಸ್ ಇಟ್ಟಿದ್ದ ಎಂದ. ಬೇರೆ ಕರೆದು ಕೇಳಿದ್ದರೆ ಮೊದಲ ಮಾತಿಗೇ ಗೊತ್ತಾಗುತ್ತಿತ್ತು. ಅದನ್ನು ಬರೆಯಲು ಕೈ ಬರಲಿಲ್ಲ. ಧೈರ್ಯ, ತ್ಯಾಗ, ಹೆಮ್ಮೆ ಎಂದು ಬರೆದು ಸಹಿ ಹಾಕಿದೆ.

ಮುಂದಿನ ತಿಂಗಳು ರಜೆಗೆ ಬಂದಾಗ ಸುಬೇದಾರರು ಹಾಸಿಗೆ ಹಿಡಿದಿದ್ದರು. ಎಲ್ಲವನ್ನೂ ಹೇಳಬೇಕೆಂದು ಹುಬ್ಬಳ್ಳಿಯಿಂದ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರ ಹೆಂಡತಿ ದಿಂಬು ಎತ್ತರಿಸಿ ಕೂರಿಸಿದರು. ಅವರು ನನ್ನ ಹುದ್ದೆ ಕೇಳಲಿಲ್ಲ, ಊರು ಕೇಳಲಿಲ್ಲ.

"ಎಷ್ಟ ಮಂದಿ ಅದಾರ್ರಿ ನಿಮ್ಮ ಕೈಯಾಗ, ಸಾಹೇಬ್ರ?"

"ಮೂವತ್ತೆರಡ್ರಿ."

"ಎಲ್ಲಾರೂ ಆರಾಮ?"

ಅವರ ಹೆಂಡತಿ ನನ್ನ ಮುಖ ನೋಡುತ್ತಿದ್ದರು. ಬಾಗಿಲಲ್ಲಿ ಅಕ್ಕಪಕ್ಕದ ಹೆಂಗಸರು ನಿಂತಿದ್ದರು, ತಮ್ಮೂರಿನ ಆಫೀಸರನ್ನು ನೋಡಲು.

"ಹೌದ್ರಿ. ಎಲ್ಲಾರೂ ಆರಾಮ ಅದಾರ್ರಿ," ಎಂದೆ.

ಅವರು ದಿಂಬಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಥೇಟ್ ನನ್ನಂಗ ಹೇಳಿದಿ, ತಂಗಿ," ಎಂದು ಗೋಡೆಯ ಕಡೆ ಹೊರಳಿದರು.

ನಾಲ್ಕನೆಯ ದಿನ ಹೋಗಿಬಿಟ್ಟರು. ಆ ನಾಲ್ಕು ದಿನವೂ ನಾನು ಅವರ ಓಣಿಯ ತನಕ ಹೋಗಿ ಹೋಗಿ ಬಂದೆ, ಒಳಗೆ ಹೋಗಲಿಲ್ಲ. ಹೆಗಲು ಕೊಡಲು ಮಂಜುನಾಥ ಬಂದಿದ್ದ. ಈಗ ಅವನು ಸರಕಿನ ಗಾಡಿ ಓಡಿಸುತ್ತಾನೆ. ನನ್ನನ್ನು ಕಂಡು ತಲೆಬಾಗಿಸಿದ.

ರಜೆ ಇನ್ನೂ ಆರು ದಿನವಿತ್ತು. ಮರುದಿನ ಬೆಳಗಿನ ಬಸ್ಸು ಹಿಡಿದು ಸವದತ್ತಿ ಕಡೆಯ ಆ ಹುಡುಗನ ಹಳ್ಳಿಗೆ ಹೋದೆ. ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ನನ್ನ ಹೆಸರು ಹೇಳಿದೆ. ನಾನು ಬರೆದ ಕಾಗದವನ್ನು ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದರು. ಅದನ್ನು ತೋರಿಸಿ, ಕುಂದರ್ರಿ, ಚಹಾ ಮಾಡ್ತೇನಿ ಎಂದರು. ನಾನು ಕೂರಲಿಲ್ಲ.

"ಆ ದಿನ ಮುಂಜಾನೆ ನಿಮ್ಮ ಮಗ ಏನೂ ತಿಂದಿರಲಿಲ್ರಿ, ಯವ್ವಾ," ಎಂದೆ.